ರಾತ್ರಿ ಓದುವ ಹಾಳೆ

ನನ್ನ ಕಪಾಟಿನಲ್ಲಿ ಒಂದು ಪೋರ್ಚುಗೀಸ್ ಹಾಳೆ ಇದೆ. ಎಂಟು ವಾರದ ಮಗುವಿಗೆ ಹಾಕುವ ಲಸಿಕೆಗಳ ಬಗ್ಗೆ ತಾಯಂದಿರಿಗೆ ಅಂತ ಮಾಡಿದ ಮಾಹಿತಿ ಪತ್ರ. ಕಾರವಾರದ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದ ಪ್ರಿಂಟು. ಸಾಲುಗಳ ನಡುವೆ ಪೆನ್ಸಿಲಿನಲ್ಲಿ ಕೊಂಕಣಿ ಬರೆದಿದೆ, ದೇವನಾಗರಿಯಲ್ಲಿ. ಅಂಚಿನ ಖಾಲಿ ಜಾಗದಲ್ಲಿ ಅದೇ ಕೊಂಕಣಿ, ಕನ್ನಡ ಅಕ್ಷರದಲ್ಲಿ. ಪೆನ್ಸಿಲಿನ ಬರಹ ಗೋವಾದ ಕಾಣಕೋಣದ ಒಬ್ಬ ಅಜ್ಜಿಯದು. ಕನ್ನಡ ಅಕ್ಷರ ನನ್ನದು.

ಆ ಹಾಳೆಯ ಕತೆ 2018ರದ್ದು. ನಮ್ಮ ಚಿಕ್ಕಮ್ಮನ ಮಗಳನ್ನು ಗಡಿಯಾಚೆ ಕಾಣಕೋಣಕ್ಕೆ ಕೊಟ್ಟಿದ್ದರು. ಸದಾಶಿವಗಡದಿಂದ ಮಾಜಾಳಿ ದಾಟಿದರೆ ಪೋಳೆ, ಅಲ್ಲಿಂದ ಇನ್ನೊಂದಿಷ್ಟು ದೂರ. ನಮ್ಮ ಕಡೆ ಈ ಸಂಬಂಧಗಳು ಹೊಸದೇನಲ್ಲ. ಆ ಮನೆಯಲ್ಲೂ ಕೊಂಕಣಿ, ಈ ಮನೆಯಲ್ಲೂ ಕೊಂಕಣಿ. ಅವಳ ಗಂಡನ ಹತ್ತಿರ ಪೋರ್ಚುಗೀಸ್ ಪಾಸ್‌ಪೋರ್ಟ್ ಇತ್ತು. 1961ರ ಡಿಸೆಂಬರ್ 19ಕ್ಕೆ ಮೊದಲು ಗೋವಾದಲ್ಲಿ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳು ಲಿಸ್ಬನ್‌ನಲ್ಲಿ ಜನನ ನೋಂದಣಿ ಮಾಡಿಸಿಕೊಂಡರೆ ಆ ದೇಶದ ಪೌರರಾಗಬಹುದು. ಗೋವಾದ ಸಾವಿರಾರು ಜನ ಹೀಗೆ ಪಾಸ್‌ಪೋರ್ಟ್ ಮಾಡಿಸಿ, ಆಗ ಪೋರ್ಚುಗಲ್ಲಿನ ಹಾಗೆ ಐರೋಪ್ಯ ಒಕ್ಕೂಟದಲ್ಲಿದ್ದ ಇಂಗ್ಲೆಂಡಿಗೆ ಹೋಗಿದ್ದಾರೆ. ಸ್ವಿಂಡನ್ ಅನ್ನುವ ಊರಿನಲ್ಲಿ ಗೋವಾದವರ ದೊಡ್ಡ ಗುಂಪೇ ಇದೆ. ಇವರೂ ಅಲ್ಲಿಗೇ ಹೋದರು. ಅವನಿಗೆ ಗೋದಾಮಿನಲ್ಲಿ ರಾತ್ರಿ ಪಾಳಿ. ಗಂಡ ಹೆಂಡತಿ ಇಬ್ಬರಿಗೂ ಪೋರ್ಚುಗೀಸಿನ ಒಂದು ವಾಕ್ಯ ಬರುತ್ತಿರಲಿಲ್ಲ.

ಅವಳಿಗೆ ಅಲ್ಲಿ ಹೆಣ್ಣು ಮಗು ಆಯಿತು. ಎಂಟು ವಾರಕ್ಕೆ ಲಸಿಕೆ ಹಾಕಿಸಲು ಹೋದಳು. ಅಲ್ಲಿ ಹೆಸರು ನೋಂದಾಯಿಸುವಾಗ ಮನೆಯವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಬರೆಸಿಕೊಂಡಿದ್ದರಲ್ಲ, ಅದನ್ನು ನೋಡಿ ನರ್ಸ್ ಪ್ರೀತಿಯಿಂದಲೇ ಒಂದು ಪೋರ್ಚುಗೀಸ್ ಹಾಳೆ ಹುಡುಕಿ ಕೊಟ್ಟಳು. ನಿಮಗೆ ಅನುಕೂಲ ಆಗಲಿ ಅಂತ. ಇವಳು ನಗುತ್ತಾ ಅದನ್ನು ತೆಗೆದುಕೊಂಡಳು. ಕಾರವಾರದಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮಾಡಿದ ಹುಡುಗಿ. ಇಂಗ್ಲಿಷಿನ ಹಾಳೆ ಕೊಟ್ಟಿದ್ದರೆ ನಿಧಾನಕ್ಕೆ ಕೂಡಿಸಿ ಓದುತ್ತಿದ್ದಳು. ಕೇಳೋದಕ್ಕೆ ನಾಚಿಕೆ ಆಯಿತಂತೆ. ಪೋರ್ಚುಗೀಸ್ ಪಾಸ್‌ಪೋರ್ಟ್ ಇಟ್ಟುಕೊಂಡು ಪೋರ್ಚುಗೀಸ್ ಬರೋದಿಲ್ಲ ಅಂದರೆ ಏನಾದರೂ ತೊಂದರೆ ಆದೀತೇನೋ ಅನ್ನುವ ಹೆದರಿಕೆ ಬೇರೆ.

ಆ ರಾತ್ರಿ ನಮ್ಮಲ್ಲಿ ಮೂರೂವರೆ, ಅಲ್ಲಿ ಹನ್ನೊಂದು ಗಂಟೆ. ನನ್ನ ಫೋನ್ ಬಡಿದುಕೊಂಡಿತು. "ಅಕ್ಕಾ, ಭುರ್ಗ್ಯಾಕ್ ಜೋರ್ ಆಯ್ಲಾ." ಮಗುವಿಗೆ ಜ್ವರ. ಮೈ ಕೆಂಡದ ಹಾಗೆ ಸುಡುತ್ತಿದೆ, ಗಂಡ ಕೆಲಸದಲ್ಲಿದ್ದಾನೆ, ಏನು ಮಾಡಲಿ.

ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲ ಈ ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಲಸಿಕೆ ಹಾಕಿದವಳು. ಜನ ಕರೆಯೋದು ಸಿಸ್ಟರ್ ಅಂತ, ಘಟ್ಟದ ಮೇಲೆ ಕೆಲವರು ನರ್ಸಬಾಯಿ ಅಂತ. ನಾನು ಕಲಿತ ಪಾಠದಲ್ಲಿ ಎರಡು ತಿಂಗಳ ಮಗುವಿಗೆ ಜ್ವರ ಅಂದರೆ ಸುಮ್ನೆ ಕೂರುವ ವಿಷಯ ಅಲ್ಲ. ಅದೇ ಹೊತ್ತಿಗೆ ಲಸಿಕೆಯ ದಿನದ ಜ್ವರ ಬೇರೆ ಲೆಕ್ಕ ಅನ್ನೋದೂ ಗೊತ್ತು. ಮಗು ಹಾಲು ಕುಡಿಯುತ್ತಿದೆಯಾ, ಕರೆದರೆ ಕಣ್ಣು ಬಿಡುತ್ತಿದೆಯಾ, ಮೈಮೇಲೆ ಕಲೆ ಎದ್ದಿದೆಯಾ ಅಂತ ಒಂದೊಂದೇ ಕೇಳಿದೆ. ಹಾಲು ಕುಡಿಯುತ್ತಿತ್ತು. ಅಳುತ್ತಿತ್ತು. ಕಲೆ ಇರಲಿಲ್ಲ. ಸ್ವಲ್ಪ ಉಸಿರು ಬಂತು. "ಅಲ್ಲಿನ ಆರೋಗ್ಯ ಸಹಾಯವಾಣಿ 111 ನಂಬರಿಗೆ ಫೋನ್ ಮಾಡು" ಅಂದೆ. "ಆದರೆ ಮೊದಲು ಹೇಳು, ಏನೇನು ಹಾಕಿದರು? ಹಾಳೆ ಕೊಟ್ಟಿರುತ್ತಾರಲ್ಲ, ಓದು."

ಆಗ ಅವಳು ಅಳಲು ಶುರು ಮಾಡಿದಳು. "ಕೊಟ್ಟಿದ್ದಾರೆ ಅಕ್ಕಾ. ಓದಲಿಕ್ಕೆ ಬರೋದಿಲ್ಲ."

ಲಸಿಕೆಯ ಹಾಳೆಯನ್ನು ಯಾರೂ ಆಸ್ಪತ್ರೆಯಲ್ಲಿ ಓದುವುದಿಲ್ಲ. ಅಲ್ಲಿ ಮಗು ಅಳುತ್ತಿರುತ್ತದೆ, ಮುಂದಿನವರು ಕಾಯುತ್ತಿರುತ್ತಾರೆ, ತಾಯಿ ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಡುತ್ತಾಳೆ. ಅದನ್ನು ಬಿಡಿಸಿ ನೋಡುವುದು ರಾತ್ರಿ. ಮಗುವಿನ ಮೈ ಕಾದಾಗ, ಕೇಳಲು ಯಾರೂ ಇಲ್ಲದಾಗ. ಇಪ್ಪತ್ತು ವರ್ಷ ಕೈಯಾರೆ ಹಾಳೆ ಹಂಚಿದರೂ ಇದು ನನಗೆ ಅರ್ಥವಾಗಿದ್ದು ಆ ಮೂರೂವರೆ ಗಂಟೆಯ ಫೋನಿನಲ್ಲಿ. ಹಾಳೆ ಯಾವ ಭಾಷೆಯಲ್ಲಿರಬೇಕು ಅನ್ನುವುದಕ್ಕೆ ನಾನು ಈಗ ಕೊಡುವ ಉತ್ತರ ಒಂದೇ: ಆ ತಾಯಿ ರಾತ್ರಿ ಒಬ್ಬಳೇ ಹೆದರಿದಾಗ ಯಾವ ಭಾಷೆಯಲ್ಲಿ ಯೋಚಿಸುತ್ತಾಳೋ ಅದರಲ್ಲಿ.

ಹಾಳೆಯ ಫೋಟೋ ಕಳಿಸು ಅಂದೆ. ಬಂತು. ನನಗೆ ಏನು ಗೊತ್ತಾಗುತ್ತದೆ? ನಮ್ಮ ಕೊಂಕಣಿಯಲ್ಲಿ ಪೋರ್ಚುಗೀಸಿನಿಂದ ಬಂದ ಮಾತು ಬೇಕಾದಷ್ಟಿವೆ. ಪಾವ್, ಚಾವಿ, ಮೇಜು, ಜನೇಲ್, ಬಟಾಟೆ. ಇದರಲ್ಲಿ ಎಷ್ಟೋ ಕನ್ನಡಕ್ಕೂ ಬಂದಿವೆ. ಆದರೆ ಬ್ರೆಡ್ಡು, ಬೀಗದಕೈ, ಕಿಟಕಿ ಗೊತ್ತಿದ್ದರೆ ಜ್ವರದ ಹಾಳೆ ಓದಲಿಕ್ಕೆ ಆಗುವುದಿಲ್ಲ. ಆ ಪುಟದಲ್ಲಿ ನನಗೆ ಗುರುತು ಸಿಕ್ಕಿದ್ದು ಎರಡೇ. ಒಂದು ವಸೀನಾ, ಲಸಿಕೆ. ಇನ್ನೊಂದು ಪ್ಯಾರಾಸಿಟಮಾಲ್. ಪಕ್ಕದಲ್ಲಿ 2.5 ಅಂತ ಅಂಕಿ ಇತ್ತು. ಮಗುವಿನ ಔಷಧಿಯನ್ನು ಅಂದಾಜಿನ ಮೇಲೆ ಹೇಳುವ ಧೈರ್ಯ ನನಗಿಲ್ಲ. ಹೇಳಲೂ ಬಾರದು.

ಆಗ ಅವಳ ಅತ್ತೆಯ ನೆನಪಾಯಿತು. ನಾವೆಲ್ಲ ಅವರನ್ನು ಆಯಿ ಅಂತಲೇ ಕರೆಯುವುದು. 1947ರಲ್ಲಿ ಹುಟ್ಟಿದವರು. ಗೋವಾ ವಿಮೋಚನೆ ಆದಾಗ ಹದಿನಾಲ್ಕು ವರ್ಷ. ಅಷ್ಟರೊಳಗೆ ಊರಿನ ಇಸ್ಕೊಲಿನಲ್ಲಿ ಪ್ರಿಮೈರು ಗ್ರಾವ್, ಸೆಗುಂದು ಗ್ರಾವ್, ಅಂದರೆ ಪ್ರಾಥಮಿಕ ಶಾಲೆಯ ಮೊದಲ ಹಂತ, ಎರಡನೇ ಹಂತ ಎರಡೂ ಪೋರ್ಚುಗೀಸಿನಲ್ಲಿ ಮುಗಿಸಿದ್ದರು. ಬೆಳಗಿನ ನಾಲ್ಕಕ್ಕೆ ಏಳುವುದು ಅವರ ರೂಢಿ. ಫೋನ್ ಮಾಡಿದೆ. ಕನ್ನಡಕ ಹುಡುಕಿ, ಮೊಮ್ಮಗನ ಮೊಬೈಲಿನಲ್ಲಿ ಫೋಟೋ ದೊಡ್ಡದು ಮಾಡಿ, 57 ವರ್ಷದ ಹಿಂದೆ ಬಿಟ್ಟ ಭಾಷೆಯನ್ನು ಗಟ್ಟಿಯಾಗಿ ಓದಲು ಕುಳಿತರು.

ಮೊದಲು ತೊದಲಿದರು. ಒಂದು ಕಡೆ ನಿಂತೇಬಿಟ್ಟರು. ಅಲ್ಲಿ "ಲೋಗು" ಅಂತ ಒಂದು ಮಾತು. ಶಾಲೆ ಬಿಡುವಾಗ ಮೇಷ್ಟರಿಗೆ "ಅತೆ ಲೋಗು" ಅನ್ನುತ್ತಿದ್ದರಂತೆ, ಆಮೇಲೆ ಸಿಗೋಣ ಅಂತ. ಹಾಗಾಗಿ "ಔಷಧಿಯನ್ನು ಆಮೇಲೆ ಕೊಡಬೇಕಂತೆ" ಅಂದರು. ಮತ್ತೆ ಆ ಸಾಲನ್ನೇ ಓದಿದರು. ಮತ್ತೊಮ್ಮೆ ಓದಿದರು. "ಅಲ್ಲ, ಅಲ್ಲ. ಇಲ್ಲಿ ಲೋಗು ಅಪೊಶ್ ಅಂತ ಇದೆ. ಆದ ಕೂಡಲೇ. ಲಸಿಕೆ ಆದ ಕೂಡಲೇ ಕೊಡಬೇಕು. ಜ್ವರಕ್ಕೆ ಕಾಯಬಾರದು. ನಾಲ್ಕರಿಂದ ಆರು ಗಂಟೆ ಬಿಟ್ಟು ಎರಡನೆಯದು. ಹಾಗೇ ಮೂರನೆಯದು."

ಅಲ್ಲಿ ಎಂಟು ವಾರಕ್ಕೆ ಹಾಕುವ ಲಸಿಕೆಗಳಲ್ಲಿ, ಮಿದುಳಿನ ಪೊರೆಗೆ ತಗಲುವ ಸೋಂಕನ್ನು ತಡೆಯುವ ಮೆನಿಂಜೈಟಿಸ್ ಬಿ ಅನ್ನುವುದೂ ಒಂದು. 2015ರಿಂದ ಕೊಡುತ್ತಿದ್ದಾರೆ. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಅದಿಲ್ಲ. ಉಳಿದ ಲಸಿಕೆಗಳ ಜೊತೆ ಅದನ್ನು ಹಾಕಿದಾಗ ಜ್ವರ ಬರುವುದು ಬಹಳ ಮಾಮೂಲು. ಅದಕ್ಕೇ ಅಲ್ಲಿನ ನಿಯಮ ಹೀಗೆ: ಲಸಿಕೆ ಆದ ಕೂಡಲೇ ಮಗುವಿನ ಪ್ಯಾರಾಸಿಟಮಾಲ್ ಸಿರಪ್ಪು ಎರಡೂವರೆ ಎಂಎಲ್, ಆಮೇಲೆ ಇನ್ನೆರಡು ಸಲ. ಇಲ್ಲಿ ನಾವು ಐದು ರೋಗಕ್ಕೆ ಒಂದೇ ಲಸಿಕೆಯಾದ ಪೆಂಟಾವೇಲೆಂಟ್ ಹಾಕಿದಾಗ ಹೇಳುವುದು "ಜ್ವರ ಬಂದರೆ ಕೊಡಿ" ಅಂತ. ಇವಳು ಊರಿನಲ್ಲಿ ಅಕ್ಕಂದಿರ ಮಕ್ಕಳಿಗೆ ನೋಡಿದ್ದೂ ಅದನ್ನೇ. ಮನೆಯಲ್ಲಿ ಸಿರಪ್ಪಿನ ಬಾಟಲಿ ಇತ್ತು. ಬೆಳಗ್ಗಿನಿಂದ ಅದನ್ನು ಮುಟ್ಟಿರಲಿಲ್ಲ. ಒಂದು ಸಾಲು ಓದಲು ಬಂದಿದ್ದರೆ ಆ ರಾತ್ರಿಯೇ ಇರುತ್ತಿರಲಿಲ್ಲ.

111ರವರೂ ಅದನ್ನೇ ಹೇಳಿದರು. ಜೊತೆಗೆ ಇನ್ನೊಂದು ಮಾತು: ಫೋನಿನಲ್ಲೇ ದುಭಾಷಿ ಸಿಗುತ್ತಾರೆ, ನಿಮ್ಮ ಭಾಷೆ ಹೇಳಿ. ದುಡ್ಡು ಕೊಡಬೇಕಿಲ್ಲ. ಆ ಸೌಲಭ್ಯ ಇದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಮಗುವಿಗೆ ಬೆಳಗಾಗುವುದರೊಳಗೆ ಜ್ವರ ಇಳಿಯಿತು.

ಇದನ್ನು ಓದಿ ಯಾರೂ ಪೋರ್ಚುಗೀಸ್ ಹಾಳೆಯ ಮೇಲೆ ಬೇಸರ ಮಾಡಿಕೊಳ್ಳಬಾರದು. ಆ ಹಾಳೆ ಚೆನ್ನಾಗಿತ್ತು. ಆಯಿಯಂಥವರು ಅಷ್ಟು ವರ್ಷದ ಮೇಲೆ ಓದಿ ಅರ್ಥ ಮಾಡಿಕೊಳ್ಳುವಷ್ಟು ಸರಳವಾಗಿತ್ತು. ಅಂದು ತಂಗಿಯ ಪಕ್ಕದಲ್ಲಿ ಪೋರ್ಚುಗಲ್ಲಿನ ಮದೈರಾ ದ್ವೀಪದ ಒಬ್ಬಳು ಕೂತಿದ್ದಳಂತೆ. ಅವಳು ಅದೇ ಹಾಳೆ ಓದಿ, ಚೀಲದಿಂದ ಸಿರಪ್ಪು ತೆಗೆದು, ಅಲ್ಲೇ ಮಗುವಿನ ಬಾಯಿಗೆ ಹಾಕಿದಳು. ತಂಗಿ ನೋಡಿದ್ದಾಳೆ. ಯಾಕೆ ಅಂತ ಕೇಳಲು ಮಾತು ಬರಲಿಲ್ಲ. ಅದೇ ಬೆಂಚು, ಅದೇ ಹಾಳೆ. ಒಬ್ಬಳಿಗೆ ಅದು ಔಷಧಿಯಷ್ಟೇ ಕೆಲಸ ಮಾಡಿತು.

ಆಮೇಲೆ ನನಗೆ ಈ ವಿಷಯ ತಲೆಯಿಂದ ಹೋಗಲಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದೆ, ಆಯಿಯನ್ನು ಕೇಳಿದೆ. ಪೋರ್ಚುಗೀಸ್ ಅಂದರೂ ಒಂದೇ ಅಲ್ಲ ಅಂತ ಗೊತ್ತಾಯಿತು. ಸಿಡುಬಿನಂತೆ ನೀರುಗುಳ್ಳೆ ಏಳುವ ಚಿಕನ್‌ಪಾಕ್ಸ್‌ಗೆ ಪೋರ್ಚುಗಲ್ಲಿನಲ್ಲಿ ವರಿಸೆಲಾ, ಬ್ರೆಜಿಲ್ಲಿನ ತಾಯಂದಿರ ಬಾಯಲ್ಲಿ ಕತಪೋರಾ. ಅದು ಅಲ್ಲಿನ ಮೂಲನಿವಾಸಿಗಳ ತುಪಿ ಭಾಷೆಯಿಂದ ಬಂದ ಮಾತು. ಕೆನ್ನೆ ಬಾತುಕೊಳ್ಳುವ ಕೆಪ್ಪಟ್ರಾಯಕ್ಕೆ ಪೋರ್ಚುಗಲ್ಲಿನವರು ಪಪೈರಾ ಅಂದರೆ ಬ್ರೆಜಿಲ್ಲಿನವರು ಕಶುಂಬಾ ಅನ್ನುತ್ತಾರೆ. ನಾಯಿಕೆಮ್ಮಿಗೂ ಎರಡು ದೇಶದಲ್ಲಿ ಎರಡು ಹೆಸರು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಪೋರ್ಚುಗೀಸ್ ಮಾತಾಡುವವರು ಬಹಳ. ನ್ಯೂ ಬೆಡ್‌ಫರ್ಡ್, ಫಾಲ್ ರಿವರ್ ಕಡೆ ಅಝೋರ್ಸ್ ದ್ವೀಪಗಳಿಂದ ಬಂದವರು, ಫ್ರೇಮಿಂಗ್‌ಹ್ಯಾಮ್‌ನಲ್ಲಿ ಬ್ರೆಜಿಲ್ಲಿನವರು. ಕೇಪ್ ವರ್ಡೆಯವರೂ ಇದ್ದಾರೆ. ಅವರ ದೇಶದ ಕಚೇರಿ ಭಾಷೆ ಪೋರ್ಚುಗೀಸ್, ಆದರೆ ಮನೆಯ ಮಾತು ಕ್ರಿಯೋಲು. ಪಾಸ್‌ಪೋರ್ಟ್ ನೋಡಿ ಹಾಳೆ ಕೊಟ್ಟರೆ ಅವರ ಗತಿಯೂ ನನ್ನ ತಂಗಿಯ ಗತಿಯೇ ಆಗಬಹುದು, ಅಲ್ವಾ?

ಅಮೆರಿಕದಲ್ಲಿ 1986ರ ಒಂದು ಕಾನೂನು ಇದೆ. ಆ ಕಾನೂನಿನ ಪಟ್ಟಿಯಲ್ಲಿರುವ ಲಸಿಕೆಗಳ ಪ್ರತಿ ಡೋಸಿಗೂ ಮೊದಲು ಮಾಹಿತಿ ಪತ್ರ ಕೊಡಲೇಬೇಕು. ಕೊಟ್ಟ ಹಾಳೆ ಯಾವ ತಾರೀಖಿನ ಆವೃತ್ತಿ ಅಂತ ದಾಖಲೆಯಲ್ಲಿ ಬರೆದಿಡಬೇಕು. ಆ ಪತ್ರಗಳು ಪೋರ್ಚುಗೀಸೂ ಸೇರಿ ಹತ್ತಾರು ಭಾಷೆಗಳಲ್ಲಿ ಸಿಗುತ್ತವೆ. ಇದೆಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿದದ್ದು 2016ರಲ್ಲಿ ಬಂದ ಇನ್ನೊಂದು ನಿಯಮ. ತುರ್ತು ಸಂದರ್ಭ ಬಿಟ್ಟರೆ, ರೋಗಿಯ ಜೊತೆ ಬಂದ ಚಿಕ್ಕ ಮಕ್ಕಳನ್ನು ದುಭಾಷಿ ಮಾಡಿಕೊಳ್ಳಬಾರದು. ನಾನು ಎಷ್ಟು ಸಲ ಮಾಡಿಲ್ಲ ಅದನ್ನು! ಶಾಲೆಗೆ ಹೋಗುವ ಮಗಳನ್ನು ಕರೆದು "ನಿನ್ನ ಅಮ್ಮನಿಗೆ ಹೇಳು" ಅನ್ನುತ್ತಿದ್ದೆ. ಎಂಟು ವರ್ಷದ ಹುಡುಗಿಯ ಹೆಗಲಿನ ಮೇಲೆ ತಮ್ಮನ ಜ್ವರದ ಭಾರ ಇಡುತ್ತಿದ್ದೇನೆ ಅಂತ ಆಗ ತೋಚಲಿಲ್ಲ.

ಓದಬೇಕಾದದ್ದು ತಾಯಿ ಮಾತ್ರ ಅಲ್ಲ, ನರ್ಸ್ ಕೂಡ. ಹೊರಗಿನಿಂದ ಬಂದವರ ಕೈಯಲ್ಲಿ ಅವರ ಊರಿನ ಲಸಿಕೆ ಕಾರ್ಡ್ ಇರುತ್ತದೆ. ಬ್ರೆಜಿಲ್ಲಿನ ಕಾರ್ಡಿನಲ್ಲಿ "ತ್ರಿಪ್ಲಿಸೆ ವಿರಾಲ್" ಅಂತ ಇದ್ದರೆ ಅದು ದಡಾರ, ಕೆಪ್ಪಟ್ರಾಯ, ರುಬೆಲ್ಲಾ ಮೂರಕ್ಕೂ ಸೇರಿದ ಎಂಎಂಆರ್. "ತ್ರಿಪ್ಲಿಸೆ ಬಕ್ತೆರಿಯಾನಾ" ಅಂದರೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೆ ಹಾಕುವ ಡಿಪಿಟಿ. ನಮ್ಮ ಕಾಲದಲ್ಲಿ ಟ್ರಿಪಲ್ ಅಂದರೆ ಡಿಪಿಟಿಯೇ. ನನ್ನ ಕೈಗೆ ಆ ಕಾರ್ಡ್ ಬಂದಿದ್ದರೆ ಮೊದಲ ಮಾತು ನೋಡಿ ತಪ್ಪು ಲೆಕ್ಕ ಹಾಕುತ್ತಿದ್ದೆ. ಪೋರ್ಚುಗಲ್ಲಿನ ಕಾರ್ಡಿನಲ್ಲಿ ಅದೇ ಎಂಎಂಆರ್‌ಗೆ ವಿಎಎಸ್‌ಪಿಆರ್ ಅಂತ ಬರೆಯುತ್ತಾರೆ. ಗೊತ್ತಿಲ್ಲದ ನರ್ಸ್ ಹಾಕಿದ್ದನ್ನೇ ಮತ್ತೆ ಹಾಕಬಹುದು, ಇಲ್ಲವೇ ಹಾಕದ್ದನ್ನು ಹಾಕಿದೆ ಅಂದುಕೊಳ್ಳಬಹುದು.

ನಮ್ಮ ಜಿಲ್ಲೆಯ ಕತೆಯೇನು ಕಡಿಮೆಯೇ? ಕಾರವಾರದಲ್ಲಿ ಕೊಂಕಣಿ, ಅಂಕೋಲೆಯಲ್ಲಿ ಹಾಲಕ್ಕಿಗಳ ಕನ್ನಡ, ಯಲ್ಲಾಪುರ ಹಳಿಯಾಳದ ಕಾಡಿನಲ್ಲಿ ಸಿದ್ದಿಗಳ ಕೊಂಕಣಿ, ಗೌಳಿಗಳ ಮರಾಠಿ, ಮುಂಡಗೋಡದಲ್ಲಿ ಟಿಬೆಟಿಯನ್. ನಾವು ಹಂಚುತ್ತಿದ್ದ ಹಾಳೆ ಮಾತ್ರ ಒಂದೇ. ಅದೂ ಪುಸ್ತಕದ ಕನ್ನಡ.

ಗದಗದ ಕಡೆಯಿಂದ ಹೊಸದಾಗಿ ಬಂದ ಒಬ್ಬ ಹುಡುಗಿ ನನ್ನ ಜೊತೆ ಕೆಲಸಕ್ಕಿದ್ದಳು. ಒಬ್ಬ ತಾಯಿ ಬಂದು "ಭುರ್ಗ್ಯಾಕ್ ಜೋರ್" ಅಂದಾಗ ಮಗು ಜೋರು ಮಾಡುತ್ತದೆ, ಹಟಮಾರಿ ಅಂತ ತಿಳಿದುಕೊಂಡು, ಸಮಾಧಾನ ಮಾಡಿ ಕಳಿಸಿದಳು. ಗೇಟಿನ ಹತ್ತಿರ ನಾನು ಸಿಕ್ಕೆ, ಮಗುವಿನ ಹಣೆ ಮುಟ್ಟಿದೆ. ಆ ಹುಡುಗಿಯದು ತಪ್ಪಲ್ಲ. ಅವಳಿಗೆ ಆ ಒಂದು ಮಾತನ್ನು ಯಾರೂ ಕಲಿಸಿರಲಿಲ್ಲ.

ಸಿದ್ದಾಪುರದ ಕಡೆ ಇನ್ನೊಂದು ಪಾಠ ಆಯಿತು. ಅಲ್ಲಿ ಮಂಗನ ಕಾಯಿಲೆಯ ಭಯ ಬಹಳ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು, ಉಣುಗಿನಿಂದ ಬರುವುದು. ಎಂಎಂಆರ್ ಬಗ್ಗೆ ಕೇಳಿದ ಒಬ್ಬ ತಾಯಿಗೆ "ಮಂಗನ ಬಾವು ಬರೋದಿಲ್ಲ" ಅಂದೆ. ಕೆಪ್ಪಟ್ರಾಯದ ಇನ್ನೊಂದು ಹೆಸರು ಅದು. ಅವಳು ಖುಷಿಯಿಂದ ಹೋದಳು. ಮಗುವಿಗೆ ಮಂಗನ ಕಾಯಿಲೆಯ ಇಂಜೆಕ್ಷನ್ ಆಯಿತು, ಇನ್ನು ತೋಟಕ್ಕೆ ಕರೆದುಕೊಂಡು ಹೋದರೂ ಚಿಂತೆಯಿಲ್ಲ ಅಂತ ಪಕ್ಕದ ಮನೆಯಲ್ಲಿ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅಂದಿನಿಂದ ಕೆಪ್ಪಟ್ರಾಯ ಅಂತಲೇ ಹೇಳುತ್ತೇನೆ. ಆ ಹೆಸರು ತಿಳಿಯದ ಊರಿನಲ್ಲಿ ನನ್ನ ಕೆನ್ನೆ ಮುಟ್ಟಿ ತೋರಿಸುತ್ತೇನೆ.

2017ರ ಫೆಬ್ರವರಿಯಲ್ಲಿ ದಡಾರ ರುಬೆಲ್ಲಾ ಅಭಿಯಾನ ನಡೆಯಿತು. ಕರ್ನಾಟಕದಲ್ಲೂ ಗೋವಾದಲ್ಲೂ ಒಟ್ಟಿಗೇ. ಒಂಬತ್ತು ತಿಂಗಳಿಂದ ಹದಿನೈದು ವರ್ಷದ ಒಳಗಿನವರಿಗೆಲ್ಲ. ಆಗ ವಾಟ್ಸಾಪಿನಲ್ಲಿ ಏನೇನೋ ಸುಳ್ಳು ಹರಿದಾಡಿದವು. ನಾನು ಗಮನಿಸಿದ್ದು ಏನೆಂದರೆ, ಸುಳ್ಳು ಯಾವಾಗಲೂ ಮನೆ ಮಾತಿನಲ್ಲಿ ಬರುತ್ತಿತ್ತು. ಪಕ್ಕದ ಮನೆಯವರು ಮಾತಾಡಿದ ಹಾಗೇ ಇರುತ್ತಿತ್ತು. ನಮ್ಮ ಹಾಳೆಯಲ್ಲಿ "ಪ್ರತಿಕೂಲ ಪರಿಣಾಮಗಳು" ಅಂತ ಇತ್ತು. ಯಾವ ತಾಯಿ ಆ ಮಾತನ್ನು ಅಡುಗೆಮನೆಯಲ್ಲಿ ಆಡುತ್ತಾಳೆ?

ನಮಗೆ ಕಲಿಸಿದ ನಾಲ್ಕು ಮಾತುಗಳಿವೆ. ಇವತ್ತು ಯಾವ ಲಸಿಕೆ ಹಾಕಿದೆ, ಯಾವ ರೋಗ ತಡೆಯುತ್ತದೆ. ಏನು ತೊಂದರೆ ಆಗಬಹುದು, ಆಗ ಏನು ಮಾಡಬೇಕು. ಮುಂದಿನ ಸಲ ಯಾವಾಗ ಬರಬೇಕು. ಕಾರ್ಡ್ ಜೋಪಾನ, ಬರುವಾಗ ತನ್ನಿ. ಇಡೀ ದೇಶದಲ್ಲಿ ಲಸಿಕೆ ಹಾಕುವವರೆಲ್ಲ ಹೇಳಬೇಕಾದ ಮಾತುಗಳು ಇವು. ನಾನು ಆ ವರ್ಷ ಎರಡನೆಯದನ್ನು ಮೊದಲು ಹೇಳಲು ಶುರು ಮಾಡಿದೆ. ಹೇಳಿ, "ಈಗ ನನಗೆ ನೀವು ಹೇಳಿ, ರಾತ್ರಿ ಜ್ವರ ಬಂದರೆ ಏನು ಮಾಡ್ತೀರಿ?" ಅಂತ ಕೇಳುತ್ತೇನೆ. ಅವರು ತಮ್ಮ ಮಾತಿನಲ್ಲಿ ತಿರುಗಿ ಹೇಳುವಾಗ ನನಗೂ ಸರಿಯಾದ ಮಾತು ಸಿಗುತ್ತದೆ. ಹತ್ತು ತಾಯಂದಿರು ಹೇಳಿದ್ದನ್ನು ಬರೆದುಕೊಂಡರೆ ಅದೇ ಒಳ್ಳೆಯ ಹಾಳೆ.

ತಂಗಿಗೆ ಮಾಡಿಕೊಟ್ಟದ್ದೂ ಹಾಗೇ. ಹಾಳೆಯ ಪ್ರಿಂಟು ತೆಗೆಸಿ ಬಸ್ಸಿನಲ್ಲಿ ಕಾಣಕೋಣಕ್ಕೆ ಹೋದೆ. ಆಯಿ ಎರಡು ಮಧ್ಯಾಹ್ನ ಕೂತು ಸಾಲು ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಕೊಂಕಣಿ ಬರೆದರು. ತಂಗಿ ದೇವನಾಗರಿ ಓದುತ್ತಾಳೆ, ಆದರೆ ತಡವರಿಸುತ್ತಾಳೆ. ಅದಕ್ಕೆ ನಾನು ಕನ್ನಡ ಅಕ್ಷರದಲ್ಲಿ ಇಳಿಸಿದೆ. ಔಷಧಿಯ ಅಳತೆಯನ್ನು ಮಾತ್ರ ನಮ್ಮಿಬ್ಬರ ಮೇಲೇ ಬಿಡಲಿಲ್ಲ. ಇಂಗ್ಲಿಷ್ ಹಾಳೆ ತರಿಸಿ ಅಂಕಿಗಳನ್ನು ಎರಡು ಸಲ ತಾಳೆ ನೋಡಿದೆ. ಕೊನೆಯಲ್ಲಿ ದೊಡ್ಡದಾಗಿ ಬರೆದೆ: "ಜೋರ್ ಯೆವ್ಚೆ ಪಯ್ಲೆಂ." ಜ್ವರ ಬರುವ ಮೊದಲು. ಅವಳು ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿದಳು. ಹದಿನಾರನೇ ವಾರಕ್ಕೆ ಆ ಲಸಿಕೆ ಮತ್ತೆ ಇತ್ತು. ಮೊದಲ ಡೋಸನ್ನು ಕ್ಲಿನಿಕ್ಕಿನ ಬೆಂಚಿನ ಮೇಲೆಯೇ ಕೊಟ್ಟಳು. ಮುಂದಿನ ಸಲಕ್ಕೆ ಭಾಷೆಯ ಜಾಗದಲ್ಲಿ ಕೊಂಕಣಿ ಅಂತ ಬರೆಸಿ ಬಂದಳು.

ಅದಾಗಿ ಕೆಲವು ದಿನಕ್ಕೆ ಆಯಿಯೇ ಫೋನ್ ಮಾಡಿದರು. ಒಂದು ವರ್ಷದ ಲಸಿಕೆಯ ಹಾಳೆಯನ್ನೂ ಈಗಲೇ ತೆಗೆಸಿಕೊಡು, ಕಣ್ಣಿಗೆ ಪೊರೆ ಬರುತ್ತಿದೆ, ಆಪರೇಷನ್ನಿಗೆ ಮೊದಲು ಬರೆದಿಡುತ್ತೇನೆ ಅಂದರು. ಕೊಟ್ಟೆ. ಜಗಲಿಯಲ್ಲಿ ಕೂತು ಓದುತ್ತಾ ಒಂದು ಮಾತಿನ ಮೇಲೆ ಬೆರಳಿಟ್ಟರು. ಸರಾಂಪು. ದಡಾರ.

"ಇದು ನನಗೆ ಮರೆತಿಲ್ಲ" ಅಂದರು. "ಎರಡನೇ ವರ್ಷ ಇಸ್ಕೊಲಿನಲ್ಲಿ ನನಗೇ ಬಂದಿತ್ತು. ಮೇಷ್ಟರು ಒಂದು ಚೀಟಿ ಬರೆದು ಕೈಗೆ ಕೊಟ್ಟು ಮನೆಗೆ ಕಳಿಸಿದರು. ನಮ್ಮ ಆಯಿಗೆ ಓದಲಿಕ್ಕೆ ಬರುತ್ತಿರಲಿಲ್ಲ. ಊರಿನಲ್ಲಿ ಬರುವವರು ಆ ಹೊತ್ತಿಗೆ ಯಾರೂ ಸಿಗಲಿಲ್ಲ. ಜ್ವರದಲ್ಲಿ ಮಲಗಿದ್ದವಳನ್ನು ಎಬ್ಬಿಸಿ ದೀಪ ಹಿಡಿದಳು. ನಾನೇ ಓದಿ ಹೇಳಿದೆ, ಎಂಟು ದಿನ ಮನೆಯಲ್ಲೇ ಇರಬೇಕಂತೆ, ಹೊರಗೆ ಬಿಡಬಾರದಂತೆ ಅಂತ."

ಪೆನ್ಸಿಲ್ ತೆಗೆದು ಆ ಮಾತಿನ ಕೆಳಗೆ ಕೊಂಕಣಿ ಬರೆದರು. ಮುಂದಿನ ಸಾಲಿಗೆ ಹೋದರು.